ಮುನಿಕೃಷ್ಣ ಕೊಟ್ಟ ಕರೆಂಟು

ಹುತ್ತೂರಿನವರ ಪಾಲಿಗೆ ಮುನಿಕೃಷ್ಣ ಕರೆಂಟ್ ಆಫೀಸಿನವನು. ನಿಜಕ್ಕೆ ಅವನು ದುಡಿಯುವುದು ಕೋಲಾರದ ಹೊರಗೆ, ಪೇಟೆಯ ಕೊಳಚೆ ನೀರು ಶುದ್ಧ ಮಾಡುವ ಘಟಕದಲ್ಲಿ. ಕಕ್ಕಸಿನ ನೀರು ಕಾಯುತ್ತೇನೆ ಎನ್ನಲು ಹೆಣ್ಣು ನೋಡುವ ಕಾಲದಲ್ಲಿ ನಾಲಿಗೆ ಏಳಲಿಲ್ಲ. ಆಮೇಲೆ ತಿದ್ದೋಣವೆಂದರೆ ಅದಕ್ಕೂ ಬೇಸರ. ಹಾಗೇ ವರ್ಷಗಳು ಉರುಳಿದವು.

ಈಚೆಗೆ ಆ ಸುಳ್ಳು ಇನ್ನಷ್ಟು ಬಲಿಯಿತು. ಸಂಜೆ ಎಲ್ಲ ಕಡೆ ಕರೆಂಟಿಗೆ ಎಳೆದಾಟ. ಆ ಹೊತ್ತಿನಲ್ಲಿ ನಮ್ಮ ಯಂತ್ರ ಸ್ವಲ್ಪ ನಿಲ್ಲಿಸುತ್ತೇವೆ ಎಂದು ಘಟಕದವರು ತಾವಾಗಿಯೇ ಒಪ್ಪಿಕೊಂಡರು. ಮೊಬೈಲಿಗೆ ಮೆಸೇಜ್ ಬಂದೊಡನೆ ಮುನಿಕೃಷ್ಣ ದೊಡ್ಡ ತೊಟ್ಟಿಗೆ ಗಾಳಿ ಊದುವ ಬ್ಲೋಯರ್ ಆಫ್ ಮಾಡಬೇಕು, ಒಂದು ಗಂಟೆ ಬಿಟ್ಟು ಮತ್ತೆ ಆನ್ ಮಾಡಬೇಕು. ಆ ತೊಟ್ಟಿಯ ಕೊಳಕನ್ನು ತಿಂದು ಮುಗಿಸುವುದು ಕಣ್ಣಿಗೆ ಕಾಣದ ಜೀವಗಳು. ಕೆಲಸದವರು ಅವನ್ನು ಹುಳ ಅಂತಲೇ ಕರೆಯುತ್ತಾರೆ. ಬಹಳ ಹೊತ್ತು ಗಾಳಿ ತಪ್ಪಿದರೆ ಅವು ಸಾಯುತ್ತವೆ.

ಹುತ್ತೂರಿನ ಹಿಪ್ಪುನೇರಳೆ ತೋಟಗಳ ಪಂಪು ಓಡಿಸುವ ತ್ರೀಫೇಸ್ ಕರೆಂಟೂ ಅದೇ ಹೊತ್ತಿಗೆ ಬರತೊಡಗಿತು. ಅದರ ಲೈನೇ ಬೇರೆ. ಆದರೆ ಸಂಜೆ ಆಫೀಸಿನ ಮಿಷನ್ ನಿಲ್ಲಿಸಿ ಕರೆಂಟು ಉಳಿಸುತ್ತೇನೆ ಎಂದು ಅವನೇ ಒಮ್ಮೆ ಊರಲ್ಲಿ ಹೇಳಿದ್ದ; ಅಕ್ಕ ಶಾಮಲಮ್ಮನಿಗೆ ಅದು ತಮ್ಮ ಕೊಟ್ಟ ಕರೆಂಟು. ಒಂದು ಸಂಜೆ ಫೋನ್ ಮಾಡಿದಳು.

"ಲೇ ಮುನಿ, ರೇಷ್ಮೆಹುಳ ಪೊರೆ ಬಿಟ್ಟು ನಾಲ್ಕನೇ ಜ್ವರ ಎದ್ದವೆ, ಇನ್ಮೇಲೆ ಸೊಪ್ಪು ಎಷ್ಟಿದ್ರೂ ಸಾಲ್ದು. ತೋಟ ಬಾಡ್ತೈತೆ. ಇವತ್ತೊಂದಿನ ನಿನ್ ಮಿಷನ್ನು ಬೇಗ ಆನ್ ಮಾಡ್ಬೇಡ ಕಣೋ."

ಆಗಲ್ಲ ಅಂದರೆ ಯಾಕೆ ಎಂದು ಹೇಳಬೇಕು; ಅದನ್ನು ಹೇಳಿದರೆ ಎಲ್ಲವನ್ನೂ ಹೇಳಬೇಕು. ಹಗಲೆಲ್ಲ ಜಾಲರಿಗೆ ಸಿಕ್ಕಿದ ಪ್ಲಾಸ್ಟಿಕ್ ಎಳೆದೆಳೆದು ಅವನ ರಟ್ಟೆ ಬಿದ್ದುಹೋಗಿತ್ತು. ಊರೆಲ್ಲ ನಂಬಿದ್ದನ್ನು ಪುಣ್ಯಾತ್ಮ ತಾನೂ ಅರ್ಧ ನಂಬಿಬಿಟ್ಟಿದ್ದ: ಇಲ್ಲಿ ಉಳಿದದ್ದು ಅಲ್ಲಿಗೆ ಹೋಗದೆ ಇನ್ನೆಲ್ಲಿಗೆ ಹೋದೀತು? "ಸರಿ ಅಕ್ಕ" ಅಂದ. ಇನ್ನೊಂದರ್ಧ ಗಂಟೆ ಎಂದುಕೊಂಡು ಕುರ್ಚಿಗೆ ಒರಗಿದ. ಕಣ್ಣು ಬಿಟ್ಟಾಗ ಬೆಳಕು ಹರಿದಿತ್ತು.

ತೊಟ್ಟಿ ಕಪ್ಪಾಗಿ ಕೊಳೆತ ಮೊಟ್ಟೆಯಂತೆ ನಾರುತ್ತಿತ್ತು. ಎಂಜಿನಿಯರ್ ವೇಣುಗೋಪಾಲ್ ಬಾಯಿಗೆ ಬಂದಂತೆ ಬೈದರು. "ಸಗಣಿ ತಂದು ಕದಡಿ ಮತ್ತೆ ಹುಳ ಎಬ್ಬಿಸು. ಏಳದಿದ್ರೆ ಕೆಲಸ ಬಿಟ್ಟು ಹೊರಡು."

ಸಗಣಿಗೆ ಅಕ್ಕನ ಕೊಟ್ಟಿಗೆ ಬಿಟ್ಟರೆ ಇನ್ನೆಲ್ಲಿ ಹೋಗುವುದು? ಲಗೇಜ್ ಆಟೋ ಹತ್ತಿ ಹುತ್ತೂರಿಗೆ ಬಂದ. ಶಾಮಲಮ್ಮ ನಗುತ್ತಾ ಎದುರಾದಳು. ಅದು ಹೇಗೋ ಹಿಂದಿನ ಸಂಜೆ ಕರೆಂಟು ಹೋಗಿರಲೇ ಇಲ್ಲ.

"ನನ್ ತಮ್ಮ ಕೊಟ್ಟಿದ್ದು ಅಂತ ಊರಿಗೆಲ್ಲ ಹೇಳ್ಕೊಂಡು ಬಂದೆ ಕಣೋ. ಅದಿರ್ಲಿ, ಇಷ್ಟು ಸಗಣಿ ಯಾಕೋ?"

ಇನ್ನೊಂದು ಸುಳ್ಳು ಹೊಸೆಯುವ ತ್ರಾಣ ಅವನಲ್ಲಿ ಇರಲಿಲ್ಲ. ಕೊಟ್ಟಿಗೆಯ ಬಾಗಿಲಲ್ಲಿ ಕುಕ್ಕರಿಸಿ, ತಲೆ ಎತ್ತದೆ, ಕಕ್ಕಸಿನ ನೀರಿನಿಂದ ಹಿಡಿದು ಎಲ್ಲವನ್ನೂ ಹೇಳಿದ. ಅಕ್ಕನ ಮುಖದ ನಗು ಇಂಗಿಹೋಯಿತು.

"ಎಲ್ಲಾ ಸತ್ತೋದ್ವಾ?"

"ಹೂಂ."

"ಹುಳ ಸಾಯ್ಸಿ ನೀರು ಕೊಡು ಅಂದಿದ್ನೇನೋ ನಾನು? ಒಂದ್ ಮಾತು ಹೇಳಿದ್ರೆ ಹುಳ ಸಾಕೋಳಿಗೆ ಅರ್ಥ ಆಗ್ತಿರ್ಲಿಲ್ವಾ?"

ಮುನಿಕೃಷ್ಣ ಅತ್ತುಬಿಟ್ಟ. ನಾಚಿಕೆಗೋ ಸುಸ್ತಿಗೋ ಅವನಿಗೇ ತಿಳಿಯಲಿಲ್ಲ. ಅಕ್ಕ ಸೆರಗು ಸಿಕ್ಕಿಸಿಕೊಂಡು ಮಂಕರಿಗೆ ಸಗಣಿ ತುಂಬಿ ಅವನ ಮುಂದೆ ಇಟ್ಟಳು.

"ಸಾಯಂಕಾಲ ಊರೋರು ಕರೆಂಟ್ ಕೇಳೋಕೆ ನಿನಗೇ ಫೋನ್ ಮಾಡ್ತಾರೆ. ನಾನೇನೂ ಹೇಳಲ್ಲ. ನೀನೇ ಹೇಳು."