ದೊಡ್ಡಾಕಿ ಆದಮೇಲಿನ ಬ್ಯಾಟು

ಬ್ಯಾಟು ಬೀಸಿದ ರಭಸಕ್ಕೆ ಭಾಗ್ಯ ತಾನೇ ಒಂದು ಸುತ್ತು ತಿರುಗಿ ಪಿಚ್ ಮೇಲೆ ಕುಳಿತುಬಿಟ್ಟಳು. ಪುಣೆಯ ನಮ್ಮ ಬಡಾವಣೆಯ ಕ್ರಿಕೆಟ್ ಕ್ಲಬ್‌ನಲ್ಲಿ ಅಂದು ಹೊಸ ಮಕ್ಕಳ ಆಯ್ಕೆ. ನನ್ನ ಅಂಗಡಿಯ ಎದುರು ಗಾರೆ ಕೆಲಸ ಮಾಡುವ, ಯಾದಗಿರಿ ಕಡೆಯ ದಂಪತಿಯ ಈ ಎಂಟು ವರ್ಷದ ಮಗಳನ್ನು ಕರೆತಂದವನು ನಾನು. ಚೌಕಾಸಿ ಮಾಡಿ ಬ್ಯಾಟು ಕೊಡಿಸಿದವನೂ ನಾನೇ. ಬೆಳೆಯುವ ಮಗು, ನಾಲ್ಕು ವರ್ಷ ಬರಲಿ ಎಂದು ಶಾಲೆಯ ಯೂನಿಫಾರ್ಮಿನ ಹಾಗೆ ಎರಡು ಅಳತೆ ದೊಡ್ಡದನ್ನೇ ಆರಿಸಿದ್ದೆ!

“ಶೇವಟಚಾ ಬಾಲ್!” ಎಂದು ಕೋಚ್ ಮರಾಠಿಯಲ್ಲಿ ಕೂಗಿದರು. ಉಳಿದದ್ದು ಒಂದೇ ಎಸೆತ. ಭಾಗ್ಯ ಮಣ್ಣು ಕೊಡವಿಕೊಂಡು ನೇರ ನನ್ನ ಬಳಿ ಬಂದಳು.

“ಮಾಮಾ, ಇದು ನಾ ದೊಡ್ಡಾಕಿ ಆದಮ್ಯಾಲ ಆಡೂ ಬ್ಯಾಟ್ ಅದರೀ. ಇವತ್ತಿಗೊಂದು ಕೊಡ್ರಿ.”

ಪಕ್ಕದ ಹುಡುಗಿಯ ಪುಟ್ಟ ಬ್ಯಾಟನ್ನು ಕೇಳಿ ತಂದುಕೊಟ್ಟೆ. ಚೆಂಡು ಗೆರೆ ದಾಟಿ ನನ್ನ ಸ್ಕೂಟರಿಗೇ ಬಡಿಯಿತು. ಕೋಚ್ ನಗುತ್ತಾ ಅವಳ ಹೆಸರು ಬರೆದುಕೊಂಡರು.

ಮಕ್ಕಳನ್ನು ಕ್ಲಬ್ಬಿಗೆ ಸೇರಿಸುವವರೇ, ಬ್ಯಾಟನ್ನು ಮಗುವಿನ ಪಕ್ಕ ನಿಲ್ಲಿಸಿ ನೋಡಿ. ಸೊಂಟಕ್ಕೆ ಬಂದರೆ ಸಾಕು. ನನ್ನ ದೊಡ್ಡ ಬ್ಯಾಟು ಈಗ ಅಂಗಡಿಯ ಮೂಲೆಯಲ್ಲಿದೆ. ಭಾಗ್ಯ ಪ್ರತಿ ಭಾನುವಾರ ಅದರ ಪಕ್ಕ ನಿಂತು ಅಳೆದುಕೊಳ್ಳುತ್ತಾಳೆ. “ಇನ್ನಾ ಆಗಿಲ್ರಿ ಮಾಮಾ” ಎಂದು, ನಾನು ಆಮೇಲೆ ಕೊಡಿಸಿದ ಚಿಕ್ಕ ಬ್ಯಾಟು ಹಿಡಿದು ಮೈದಾನಕ್ಕೆ ಓಡುತ್ತಾಳೆ.