ಆಫ್ ಆದ ಲೈನಿನ ಕಿಡಿ

ಮೊಮ್ಮಗಳಿಗೆ ಕರೆಂಟು ಲೈನಿನ ಕೆಲಸ ಸಿಕ್ಕಿದ್ದನ್ನು ಸುಂಟಿಕೊಪ್ಪದ ಬಸ್ಸಿನಲ್ಲಿ ಗುರುತಿಲ್ಲದವರಿಗೂ ಹೇಳಿಕೊಂಡು ಬಂದವಳು ನಾನು. ಅವಳು ನಮ್ಮ ತೋಟದಲ್ಲೇ ರಿಪೇರಿಗೆ ಬಂದ ದಿನ ಕಣ್ತುಂಬ ನೋಡೋಣವೆಂದು ಹೋಗಿ ನಿಂತೆ. ಗಾಳಿಗೆ ನಮ್ಮ ಮನೆಯ ಲೈನ್ ತುಂಡಾಗಿ ಕಾಫಿ ಗಿಡಗಳ ಮೇಲೆ ಜೋತಿತ್ತು. ಅದರ ಪಕ್ಕದಲ್ಲೇ ಉದ್ದಕ್ಕೂ ಹಾದುಹೋದ ದೊಡ್ಡ ಲೈನ್ ಗುಂಯ್ ಎನ್ನುತ್ತಿತ್ತು.

ಮನೆಯಲ್ಲಿ ಬಲ್ಬು ಉರಿಯದಿದ್ದರೆ ತಂತಿ ಸತ್ತಿದೆಯೆಂದೇ ನಮ್ಮ ಕಡೆಯವರ ನಂಬಿಕೆ. ಜೋತುಬಿದ್ದ ತಂತಿಯನ್ನು ಸರಿಸಿ ಅವಳಿಗೆ ದಾರಿ ಬಿಡಿಸಲು ಕೈ ಚಾಚಿದೆ.

"ಅಜ್ಜೀ, ಮುಟ್ಬೇಡ!"

"ಆಫ್ ಮಾಡಿದ್ದೀನಿ ಅಂದ್ಯಲ್ಲೇ?"

"ಆಫೇ. ಆದ್ರೆ ಆ ದೊಡ್ಡ ಲೈನಲ್ಲಿ ಕರೆಂಟು ಹಿಂದಕ್ಕೂ ಮುಂದಕ್ಕೂ ಓಡ್ತದೆ. ಸುತ್ತ ಅಯಸ್ಕಾಂತದ ಶಕ್ತಿ ಏರಿಳೀತದೆ. ಅದು ತಾಗದೇನೇ ಈ ತಂತೀಲೂ ವೋಲ್ಟೇಜ್ ಹುಟ್ಟಿಸ್ತದೆ. ಮುಟ್ಟಿದ್ರೆ ನಿನ್ ಮೈಯಿಂದಾನೇ ನೆಲಕ್ಕಿಳೀತದೆ."

ಅವಳು ನೆಲಕ್ಕೆ ಕಬ್ಬಿಣದ ಸರಳು ಹೊಡೆದಳು. ಅದಕ್ಕೆ ಬಿಗಿದ ವಯರನ್ನು ಉದ್ದ ಕೋಲಿನಿಂದ ತಂತಿಗೆ ಸಿಕ್ಕಿಸಿದಳು. ಚಟ್ಟೆಂದು ನೀಲಿ ಕಿಡಿ ಹಾರಿತು. ನಾನು ಎರಡು ಹೆಜ್ಜೆ ಹಿಂದೆ ಸರಿದೆ.

ಆಮೇಲೆ ಅದೇ ತಂತಿಗೆ ಅವಳು ಕೈ ಹಾಕಿದಳು. ಏನೂ ಆಗಲಿಲ್ಲ; ತಂತಿಯಲ್ಲಿದ್ದದ್ದು ಆ ಸರಳಿನಿಂದ ನೆಲಕ್ಕಿಳಿದಿತ್ತು. ಆದರೂ ಈಗ ಅವಳು ಕೆಲಸಕ್ಕೆ ಹೊರಟಾಗಲೆಲ್ಲ ಹಿಗ್ಗಿನ ಜೊತೆಗೆ ಭಯವೂ ಬಂದು ಕೂರುತ್ತದೆ. "ಮೊದಲು ತಂತೀನ ನೆಲಕ್ಕೆ ಕಟ್ಟೇ" ಎಂದು ಗೇಟಿನವರೆಗೂ ಕೂಗುತ್ತೇನೆ.