ಗಂಡಸರು ಕುಡಿಯದ ಕಷಾಯ

ಜರ್ಮನಿಯ ಯೇನಾ ಊರಿನಲ್ಲಿ ನನ್ನ ಜೊತೆ ಮನೆ ಹಂಚಿಕೊಂಡಿರುವ ಪ್ರೆಸಿಲ್ಲಾ ಮಂಗಳೂರಿನವಳು. ಉಗಾಂಡದ ಹಳ್ಳಿಗಳಲ್ಲಿ ಹೆಂಗಸರು ತಮ್ಮ ಗುಪ್ತಾಂಗದ ಸೋಂಕುಗಳಿಗೆ ಕುದಿಸಿ ಕುಡಿಯುವ ತೊಗಟೆ, ಬೇರು, ಸೊಪ್ಪುಗಳ ಮೇಲೆ ಇಲ್ಲಿ ಪಿಎಚ್‌ಡಿ ಮಾಡುತ್ತಿದ್ದಾಳೆ. ಅದೇ ಅವಳ ಪ್ರಾರಬ್ಧ. ಕನ್ನಡದವರು ಸೇರಿದ ಕಡೆಯೆಲ್ಲ ಗಂಡಸರು ವಿಷಯ ಕೇಳಿ ಮುಸಿಮುಸಿ ನಗುತ್ತಾರೆ. ಹೆಂಗಸರು ಅವಳನ್ನು ಅಡುಗೆಮನೆಗೆ ಎಳೆದೊಯ್ದು, "ಸ್ವಲ್ಪ ಪುಡಿ ಸಿಗುತ್ತಾ?" ಎಂದು ಪಿಸುಗುಟ್ಟುತ್ತಾರೆ.

"ಗಾಜಿನ ತಟ್ಟೆಯಲ್ಲಿ ರೋಗಾಣು ಸತ್ತ ಕೂಡಲೇ ಅದು ಮದ್ದಾಗುವುದಿಲ್ಲ ಮಾರಾಯ್ತಿ! ಎಷ್ಟು ಕೊಡಬೇಕು, ಬಸುರಿಗೆ ಆಗ್ತದಾ ಇಲ್ವಾ, ಎಂತದೂ ಗೊತ್ತಿಲ್ಲ," ಎಂದು ಹೇಳಿ ಹೇಳಿ ಅವಳ ಗಂಟಲು ಒಣಗಿದೆ. ಕೇಳುವವರು ಯಾರು? ಸೊಪ್ಪಿಗೆ ಸೈಡ್ ಎಫೆಕ್ಟ್ ಇಲ್ಲ ಎಂದು ಎಲ್ಲರೂ ಹುಟ್ಟುವಾಗಲೇ ಕಲಿತು ಬಂದಿದ್ದಾರೆ.

ಮೈಸೂರಿನ ಶ್ರೀಲಕ್ಷ್ಮಿ ಬಂದದ್ದೂ ಪುಡಿ ಕೇಳಲಿಕ್ಕೇ. ಆರು ತಿಂಗಳ ಬಸುರಿ. ಉರಿ, ನವೆ, ವಾಸನೆ ಎಲ್ಲ ಇದ್ದರೂ ನಾಚಿಕೆಗೆ ವಾರಗಟ್ಟಲೆ ಬಾಯಿಬಿಟ್ಟಿರಲಿಲ್ಲ. ಪ್ರೆಸಿಲ್ಲಾ ಚೆನ್ನಾಗಿ ಬೈದು, ಇಲ್ಲಿ ಸುಲಭಕ್ಕೆ ಸಿಗದ ಟೆರ್ಮಿನ್, ಅಂದರೆ ಅಪಾಯಿಂಟ್‌ಮೆಂಟ್, ಹೇಗೋ ಗಿಟ್ಟಿಸಿ, ಡಾಕ್ಟರ ಬಳಿ ಕರೆದೊಯ್ದಳು. ಡಾಕ್ಟರು ಬಿಡಿಸಿ ಹೇಳಿದರು: ಇದು ಗಂಡ ಹೆಂಡಿರ ನಡುವೆ ದಾಟುವ ಸೋಂಕು. ಹಾಗೇ ಬಿಟ್ಟರೆ ಮಗು ಅವಧಿಗೆ ಮುಂಚೆ ಹುಟ್ಟಬಹುದು. ಇಬ್ಬರೂ ಮಾತ್ರೆ ನುಂಗಬೇಕು. ಇಬ್ಬರ ಮಾತ್ರೆಯನ್ನೂ ಅಪೊಥೆಕೆ ಎಂಬ ಔಷಧಿ ಅಂಗಡಿಯಲ್ಲಿ ಕೊಂಡು ಕಳಿಸಿದ್ದಾಯಿತು.

ಕೆಲವೇ ವಾರದಲ್ಲಿ ಸೋಂಕು ಮರಳಿತು. ನಾವಿಬ್ಬರೂ ಅವರ ಮನೆಗೆ ಓಡಿದೆವು. ಗಂಡ ಗಿರಿಧರನ ಮಾತ್ರೆಯ ಡಬ್ಬಿ ಫ್ರಿಜ್ಜಿನ ಮೇಲೆ ಸೀಲೂ ಒಡೆಯದೆ ಕೂತಿತ್ತು.

"ನನಗೇನಾಗಿದೆ ಹೇಳಿ ಮೇಡಂ? ಆರಾಮಾಗಿದೀನಿ. ಸುಮ್ನೆ ಕೆಮಿಕಲ್ ಯಾಕೆ? ನಿಮ್ಮ ಲ್ಯಾಬಲ್ಲಿ ಆಫ್ರಿಕಾದ ತೊಗಟೆ ಇದೆಯಲ್ಲ, ಇವಳಿಗೆ ಅದನ್ನೇ ಕೊಡಿ," ಅಂದ ಮಹಾರಾಯ.

ಪ್ರೆಸಿಲ್ಲಾಗೆ ರೇಗಿಹೋಯಿತು. "ಅಲ್ಲಿ ಊರೂರು ತಿರುಗಿ ಹೆಂಗಸರನ್ನು ಕೇಳಿದ್ದೇನೆ. ಕಷಾಯ ಕುಡಿದ ಮೇಲೆ ಕಮ್ಮಿ ಆಗ್ತದೆ, ಪುನಃ ಬರ್ತದೆ. ಗಂಡನಿಗೂ ಕೊಡ್ತೀರಾ ಅಂದ್ರೆ ನಗ್ತಾರೆ. 'ಅವನಿಗೆಂತ ಆಗಿದೆ ಅಂತ ಕುಡೀತಾನೆ?' ಅಂತಾರೆ. ಇಲ್ಲಿ ಎಂಜಿನಿಯರ್ ಬಾಯಲ್ಲೂ ಅದನ್ನೇ ಕೇಳ್ಬೇಕಾ ಮಾರಾಯ್ರೆ?"

"ಮೆಲ್ಲಗೆ ಮಾತಾಡಿ, ಪಕ್ಕದ ಮನೆಯವರಿಗೆ ಕೇಳುತ್ತೆ," ಅಂದ. ಪಕ್ಕದ ಮನೆಯ ಜರ್ಮನ್ ಮುದುಕಿಗೆ ಕನ್ನಡ ಬರುತ್ತದೆಯೇ, ಕರ್ಮ!

ಅಷ್ಟು ಹೊತ್ತು ತಲೆ ತಗ್ಗಿಸಿ ಕೂತಿದ್ದ ಶ್ರೀಲಕ್ಷ್ಮಿ ಎದ್ದು ಜಾಕೆಟ್ ಹಾಕಿಕೊಂಡಳು. "ನಾನು ಇವರ ಮನೇಲಿರ್ತೀನಿ. ನೀವು ಮಾತ್ರೆ ಮುಗಿಸಿದ ಮೇಲೆ ಬರ್ತೀನಿ. ಮಗು ನನ್ನೊಬ್ಬಳದೇ ಅಂತ ಅನ್ಸಿದ್ರೆ ನುಂಗ್ಬೇಡಿ ಬಿಡಿ."

ಬಾಗಿಲ ಬಳಿ ಶೂ ಹಾಕಲು ಅವಳಿಗೆ ಬಗ್ಗಲಾಗಲಿಲ್ಲ. ಗಿರಿಧರನೇ ಮೊಣಕಾಲೂರಿ ಕೂತು ಲೇಸು ಕಟ್ಟಿದ. ತಲೆ ಎತ್ತದೆ, "ನುಂಗ್ತೀನಿ, ಹೋಗ್ಬೇಡ ಕಣೆ," ಅಂದ.

"ನುಂಗಿ ಫೋನ್ ಮಾಡಿ," ಎಂದು ಅವಳು ನಮಗಿಂತ ಮುಂಚೆ ಮೆಟ್ಟಿಲಿಳಿದಳು.